ಕೋರಸ್‌ಗೆ ತ್ರೀ ಫೇಸ್ ಎಲ್‌ಎಫ್‌ಒ: ಮೂರು ಬಗೆ ಕಟ್ಟಿ ನೋಡಿದೆ
ಪಂಪ್‌ಸೆಟ್‌ಗೆ ಬರುವ ತ್ರೀ ಫೇಸ್ ಕರೆಂಟ್ ಗೊತ್ತಲ್ವಾ? ನನ್ನ ಸಿಂಥ್‌ನ (ಎಲೆಕ್ಟ್ರಾನಿಕ್ ವಾದ್ಯ) ಕೋರಸ್‌ಗೂ, ಅಂದರೆ ಒಂದು ದನಿಯನ್ನು ಹಲವು ದನಿಗಳಂತೆ ಕೇಳಿಸುವ ಸರ್ಕ್ಯೂಟ್‌ಗೂ, ಅಂಥದೇ ಮೂರು ಅಲೆ ಬೇಕಿತ್ತು. ಆದರೆ ಸೆಕೆಂಡಿಗೆ 50 ಸುತ್ತು ಅಲ್ಲ, ಮೂರ್ನಾಲ್ಕು ಸೆಕೆಂಡಿಗೆ ಒಂದು. ಇಂಥ ನಿಧಾನದ ಅಲೆ ಹುಟ್ಟಿಸುವ ಸರ್ಕ್ಯೂಟೇ ಎಲ್‌ಎಫ್‌ಒ. 1974ರ ಸೊಲಿನಾ ಸ್ಟ್ರಿಂಗ್ ಎನ್ಸೆಂಬಲ್ ಎಂಬ ಕೀಬೋರ್ಡ್‌ನಲ್ಲಿ ಮೂರು ಡಿಲೇ ಲೈನ್‌ಗಳನ್ನು (ದನಿಯನ್ನು ಚೂರು ತಡಮಾಡಿ ಬಿಡುವ ಸರ್ಕ್ಯೂಟ್) ಅಲುಗಾಡಿಸುವುದು 120 ಡಿಗ್ರಿ, ಅಂದರೆ ಮೂರನೇ ಒಂದು ಸುತ್ತಿನ, ಅಂತರದ ಅಲೆಗಳೇ. ಒಂದರ ಶ್ರುತಿ ಏರುವಾಗ ಇನ್ನೊಂದರದು ಇಳಿಯುತ್ತದೆ, ಒಟ್ಟಾರೆ ಶ್ರುತಿ ಜಾರುವುದಿಲ್ಲ.

ಮೊದಲು ಕಟ್ಟಿದ್ದು ಜಾನ್ಸನ್ ಕೌಂಟರ್, ಅಂದರೆ ಕೊನೆಯ ಫ್ಲಿಪ್‌ಫ್ಲಾಪ್‌ನ (ಆನ್/ಆಫ್ ನೆನಪಿಡುವ ಸರ್ಕ್ಯೂಟ್) ಔಟ್‌ಪುಟ್ಟನ್ನು ತಿರುಗುಮುರುಗು ಮಾಡಿ ಮೊದಲನೆಯದಕ್ಕೆ ಕೊಡುವ ಸಾಲು. ಆರು ಫ್ಲಿಪ್‌ಫ್ಲಾಪ್ ಇರುವ ಐಸಿ 40174 ಒಂದು, ಅದನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸುವ ಕ್ಲಾಕ್‌ಗೆ 40106 ಐಸಿ ಒಂದು. ಒಂದೇ ಪಾಟ್ (ತಿರುಗಿಸುವ ರೆಸಿಸ್ಟರ್) ತಿರುಗಿಸಿದರೆ ಎಲ್ಲ ಫೇಸ್‌ಗಳ ವೇಗವೂ ಬದಲಾಗುತ್ತದೆ, ಇದು ದೊಡ್ಡ ಸುಖ. ಆದರೆ ಮೊದಲ ರಾತ್ರಿ ಎಲ್‌ಇಡಿಗಳು ಅಡ್ಡಾದಿಡ್ಡಿ ಮಿನುಗಿದವು. ವೈರುಗಳನ್ನೆಲ್ಲ ಸುಮ್ನೆ ಎರಡು ಸಲ ಕಿತ್ತು ಹಾಕಿದೆ. ತಪ್ಪು ಇದ್ದದ್ದು ಕ್ಲಿಯರ್ ಪಿನ್‌ನಲ್ಲಿ: ಅದನ್ನು ಸೀದಾ ಪ್ಲಸ್‌ಗೆ ಕಟ್ಟಿದ್ದೆ, ಹಾಗಾಗಿ ರೀಸೆಟ್ ಆಗುತ್ತಲೇ ಇರಲಿಲ್ಲ. ಆರು ಫ್ಲಿಪ್‌ಫ್ಲಾಪ್‌ಗೆ 64 ಸ್ಥಿತಿ, ಅದರಲ್ಲಿ ನಮಗೆ ಬೇಕಾದದ್ದು 12 ಮಾತ್ರ. ಕೌಂಟರ್ ಉಳಿದವುಗಳಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಪಿನ್ನಿಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಆನ್ ಆದೊಡನೆ ರೀಸೆಟ್ ಆಗುವಂತೆ ಮಾಡಿದ ಮೇಲೆ ಸರಿಹೋಯಿತು. ಆದರೂ ಅಲೆ ಮೆಟ್ಟಿಲು ಮೆಟ್ಟಿಲು. ಕೋರಸ್‌ನಲ್ಲಿ ಪ್ರತಿ ಮೆಟ್ಟಿಲೂ ಕಿವಿಗೆ ಬೀಳುತ್ತದೆ.

ಎರಡನೆಯದು ಕ್ವಾಡ್ರೇಚರ್ ಸರ್ಕ್ಯೂಟ್, ಎರಡು ಇಂಟಿಗ್ರೇಟರ್‌ಗಳದ್ದು (ವೋಲ್ಟೇಜನ್ನು ಕೂಡಿಸುತ್ತ ಹೋಗುವ ಸರ್ಕ್ಯೂಟ್). ಅದರ ಸೈನ್ ಅಲೆ ನುಣುಪು. ಆದರೆ ಸಿಗುವುದು 90 ಡಿಗ್ರಿ, 120 ಬೇಕಾದರೆ ಮತ್ತೆ ಬೆರೆಸಿ ಲೆಕ್ಕ ಹಾಕಬೇಕು. ಸ್ಟೀರಿಯೋ ಪ್ಯಾನಿಂಗ್‌ಗೆ ಇದೇ ಸಾಕು.

ನನಗೆ ಒಪ್ಪಿದ್ದು ಮೂರನೆಯದು, ಮೂರು ಹಂತದ ರಿಂಗ್: ಒಂದರ ಔಟ್‌ಪುಟ್ ಮುಂದಿನದಕ್ಕೆ, ಕೊನೆಯದು ಮತ್ತೆ ಮೊದಲನೆಯದಕ್ಕೆ. ಟಿಎಲ್074 ಐಸಿಯ ಮೂರು ಆಪ್‌ಆಂಪ್ (ಆಂಪ್ಲಿಫೈಯರ್). ಪ್ರತಿಯೊಂದರ ಫೀಡ್‌ಬ್ಯಾಕ್‌ನಲ್ಲಿ 1 ಮೆಗಾಓಮ್, ಅದಕ್ಕೆ ಅಡ್ಡಲಾಗಿ 1 ಮೈಕ್ರೋಫ್ಯಾರಡ್. ಎಲೆಕ್ಟ್ರೋಲಿಟಿಕ್ ಬೇಡ, ಲೀಕ್ ಆಗುತ್ತದೆ, ಮೈಲಾರ್ (ಪ್ಲಾಸ್ಟಿಕ್ ಹಾಳೆಯ) ಕೆಪಾಸಿಟರ್ ಹಾಕಿ. ಸುತ್ತಿಗೆ ಸುಮಾರು 3.6 ಸೆಕೆಂಡ್. ಗುಟ್ಟು ಇರುವುದು ಇನ್‌ಪುಟ್ ರೆಸಿಸ್ಟರ್‌ನಲ್ಲಿ. ಪ್ರತಿ ಹಂತದ ಗೇನ್, ಅಂದರೆ ಫೀಡ್‌ಬ್ಯಾಕ್ ರೆಸಿಸ್ಟರನ್ನು ಇನ್‌ಪುಟ್ ರೆಸಿಸ್ಟರ್‌ನಿಂದ ಭಾಗಿಸಿದ್ದು, 2ಕ್ಕಿಂತ ಜಾಸ್ತಿ ಇರಬೇಕು. 560ಕೆ ಹಾಕಿದ್ದೆ: ಎಲ್‌ಇಡಿಗಳು ಒಂದೆರಡು ಸುತ್ತು ಮಿಣುಕಿ ಆರಿದವು. 470ಕೆ ಹಾಕಿದಾಗ ಓಡಿತು, ಆದರೆ ಅಲೆ ಪೂರ್ತಿ ಏಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. 390ಕೆಗೆ ಬೇಗ ಎದ್ದಿತು. ಅಲೆಯ ತಲೆ ಸ್ವಲ್ಪ ಚಪ್ಪಟೆ, ಕೋರಸ್‌ನಲ್ಲಿ ಅದು ಗೊತ್ತೇ ಆಗಲಿಲ್ಲ.

ವೇಗ ಬದಲಿಸುವುದು ಮಾತ್ರ ತಲೆನೋವು. ಮೂರೂ ಹಂತವನ್ನು ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಅಂತರ ಕೆಡುತ್ತದೆ. ನಾನು ಪಾಟ್ ಗೋಜಿಗೇ ಹೋಗಲಿಲ್ಲ. 0.047 ಮೈಕ್ರೋಫ್ಯಾರಡ್ ಹಾಕಿ ಇನ್ನೊಂದು ರಿಂಗ್ ಕಟ್ಟಿದೆ, ಅದು ಸುಮಾರು 6 ಹರ್ಟ್ಜ್. ನಿಧಾನದ್ದು, ವೇಗದ್ದು ಎರಡನ್ನೂ ಬೆರೆಸಿದ ಮೇಲೆ ತಂತಿವಾದ್ಯಗಳ ಗುಂಪಿನ ಆ ನಡುಕ ಬಂತು. ಜಾನ್ಸನ್ ಕೌಂಟರ್ ಈಗ ಫಿಲ್ಟರ್‌ಗೆ ಹೋಗಿದೆ, ಅಲ್ಲಿ ಮೆಟ್ಟಿಲೇ ಚೆಂದ.