ಎಂಒವಿ ಹಾಕಬೇಕಾ, ಟಿವಿಎಸ್ ಡಯೋಡ್ ಸಾಕಾ?

ಎರಡೂ ವೋಲ್ಟೇಜ್ ದಿಢೀರನೆ ಏರಿದಾಗ ಸರ್ಕ್ಯೂಟನ್ನು ಕಾಯುವ ಬಿಡಿಭಾಗಗಳು. ಸಿಡಿಲು ಹೊಡೆದ ಮರುದಿನ ಎಲ್‌ಇಡಿ ಡ್ರೈವರ್ (ದೀಪಕ್ಕೆ ಕರೆಂಟ್ ಕೊಡುವ ಸರ್ಕ್ಯೂಟ್) ಬಿಚ್ಚಿದೆ. ನೀಲಿ ಬಿಲ್ಲೆಯಂಥ ಎಂಒವಿ ಸೀಳಿ ಕಪ್ಪಾಗಿತ್ತು, ಫ್ಯೂಸ್ ಹಾರಿತ್ತು. ಉಳಿದದ್ದೆಲ್ಲ ಸರಿ ಇತ್ತು. ಏಟು ತಾನು ತಿಂದು ಉಳಿದದ್ದನ್ನು ಕಾಯುವುದೇ ಎಂಒವಿ ಕೆಲಸ ಅಲ್ವಾ!

230 ವೋಲ್ಟ್ ಲೈನಿಗೆ ಎಂಒವಿಯೇ ಸರಿ. ಒಳಗಿರುವುದು ಸತುವಿನ ಆಕ್ಸೈಡ್ ಕಾಳುಗಳು. ವೋಲ್ಟೇಜ್ ಮಾಮೂಲಿ ಇದ್ದಾಗ ಸುಮ್ನೆ ಕೂತಿರುತ್ತದೆ, ಏರಿದರೆ ಕರೆಂಟನ್ನು ತನ್ನ ಮೂಲಕ ಹರಿಸುತ್ತದೆ. ಮೈಮೇಲೆ 14ಡಿ431 ಅಂತಿದ್ದರೆ 14 ಮಿ.ಮೀ. ಬಿಲ್ಲೆ, 430 ವೋಲ್ಟ್ ಹತ್ತಿರ ಹರಿಸಲು ಶುರು. ಎಸಿಯಲ್ಲಿ ಸದಾ ತಾಳುವುದು 275 ವೋಲ್ಟ್‌ವರೆಗೆ. ಲೈನಿನಲ್ಲಿ ಏರುಪೇರು ಜಾಸ್ತಿ ಇದ್ದರೆ ನಾನು 14ಡಿ471 ಹಾಕುತ್ತೇನೆ, ಅದು 300 ವೋಲ್ಟ್‌ವರೆಗೆ ತಾಳುತ್ತದೆ. ದೊಡ್ಡ ಏಟು ಬಿದ್ದಷ್ಟೂ ಸವೆಯುತ್ತದೆ, ಹಾಗಾಗಿ ಮುಂದೆ ಫ್ಯೂಸ್ ಬೇಕೇ ಬೇಕು. ನ್ಯೂಟ್ರಲ್ ಕಡಿದು ವೋಲ್ಟೇಜ್ ಏರಿಯೇ ನಿಂತರೆ ಮಾತ್ರ ಇದು ಕಾಯುವುದಿಲ್ಲ, ತಾನೇ ಸುಡುತ್ತದೆ.

ಟಿವಿಎಸ್ ಡಯೋಡ್ ಇನ್ನೂ ಚುರುಕು. ವೋಲ್ಟೇಜನ್ನು ಬಿಗಿಯಾಗಿ ಹಿಡಿಯುತ್ತದೆ, ಮಿತಿಯೊಳಗೆ ಬಳಸಿದರೆ ಸವೆಯುವುದಿಲ್ಲ. ಆದರೆ ಅದೇ ಗಾತ್ರದ ಎಂಒವಿಯಷ್ಟು ಏಟು ತಾಳದು. 5, 12 ವೋಲ್ಟಿನ ಡಿಸಿ, ಸೆನ್ಸರ್ ತಂತಿ, ಯುಎಸ್‌ಬಿಗೆ ಇದನ್ನೇ ತಗೊಳ್ಳಿ.

ಎರಡೂ ಹಾಕಬಹುದಾ? ಧಾರಾಳವಾಗಿ. ಲೈನಿನ ಬಾಗಿಲಲ್ಲಿ ಎಂಒವಿ, ಚಿಪ್ ಪಕ್ಕ ಟಿವಿಎಸ್.