ಡೆತ್ ವ್ಯಾಲಿಗೆ ಬಾಡಿಗೆ ಕ್ಯಾಂಪರ್ ವ್ಯಾನ್: ಹೀಟರ್ ಬಗ್ಗೆ ಮೊದಲೇ ಕೇಳಿಕೊಳ್ಳಿ

ಸ್ಯಾನ್ ಹೋಸೆಯಿಂದ ಕ್ಯಾಲಿಫೋರ್ನಿಯಾದ ಮರುಭೂಮಿ ಪಾರ್ಕ್ ಡೆತ್ ವ್ಯಾಲಿಗೆ ಮೂರು ವರ್ಷ ಡಿಸೆಂಬರ್‌ನಲ್ಲಿ ಒಂದೇ ಕಡೆಯಿಂದ ವ್ಯಾನ್ ತಗೊಂಡು ಹೋಗಿದ್ದೇವೆ. ಕಂಪನಿ ಹೆಸರು ಬೇಡ. ಹಾಸಿಗೆ, ಸಿಂಕ್, ಫ್ರಿಜ್ ಎಲ್ಲದರ ಫೋಟೋ ಅವರ ಸೈಟ್‌ನಲ್ಲೇ ಇದೆ, ನೋಡಿಕೊಳ್ಳಿ. ನನಗೆ ಹೇಳಬೇಕಿರುವುದು ಹೀಟರ್ ಬಗ್ಗೆ.

ವ್ಯಾನಿನ ಟ್ಯಾಂಕ್‌ನಿಂದಲೇ ಪೆಟ್ರೋಲ್ ಎಳೆದುಕೊಂಡು ಉರಿಯುವ ಹೀಟರ್ ಅದು. ಅದರ ಪುಟ್ಟ ಪಂಪ್ ಸರಿಯಾಗಿ ನಮ್ಮ ತಲೆ ಕೆಳಗೆ. ರಾತ್ರಿಯಿಡೀ ಟಕ್ ಟಕ್ ಟಕ್. ಮೊದಲ ವರ್ಷ ನನಗೆ ನಿದ್ದೆಯೇ ಇಲ್ಲ. ಬಂದವಳೇ ಎರಡು ಸ್ಟಾರ್ ಕೊಟ್ಟಿದ್ದೆ.

ಎರಡನೇ ವರ್ಷ ಹಾಸನದಿಂದ ಅತ್ತೆ ಬಂದಿದ್ದರು. "ಮರುಭೂಮಿ ಅಂತೀಯ, ಸ್ವೆಟರ್ ಯಾಕಮ್ಮ?" ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. 1913ರ ಜುಲೈನಲ್ಲಿ 56.7 ಡಿಗ್ರಿ ದಾಖಲಾದ ಫರ್ನೇಸ್ ಕ್ರೀಕ್‌ನಲ್ಲೇ ನಾವು ಉಳಿದಿದ್ದು. ಡಿಸೆಂಬರ್‌ನಲ್ಲಿ ಹಗಲು ಹಾಯಾಗಿರುತ್ತದೆ, ರಾತ್ರಿ ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಮೊದಲ ರಾತ್ರಿ ಪಂಪ್ ಸದ್ದು ಕೇಳಿ ಅತ್ತೆ ಹಲ್ಲಿ ಲೊಚಗುಟ್ಟಿತು ಅಂದುಕೊಂಡು ಬೆರಳಲ್ಲಿ ಗೋಡೆ ತಟ್ಟಿ "ಕೃಷ್ಣ ಕೃಷ್ಣ" ಅಂದರು. ಎಷ್ಟು ಸಲ ಅಂತ ತಟ್ಟುತ್ತಾರೆ, ಪಾಪ!

ಮೂರನೇ ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಎಬ್ಬಿಸಿದ್ದು ಸದ್ದಲ್ಲ, ಸದ್ದು ನಿಂತಿದ್ದು. "ರೀ, ಹೀಟರ್ ಸತ್ತೋಯ್ತು." ನಮ್ಮವರು ಬಟನ್ ಒತ್ತಿದರು, ಫ್ಯೂಸ್ ನೋಡಿದರು, ಏನೂ ಇಲ್ಲ. ಮೂರು ಜನರ ಉಸಿರು ಛಾವಣಿಗೆ ಕಟ್ಟಿ ಹನಿ ಹನಿ ಹಣೆ ಮೇಲೆ ಬೀಳುತ್ತಿತ್ತು. ಅತ್ತೆ ಮಂಕಿ ಕ್ಯಾಪ್ ಹಾಕಿಕೊಂಡು, ಎರಡು ರಗ್ಗು ಹೊದ್ದು, ಒಂದು ಮಾತೂ ಆಡದೆ ಕೂತಿದ್ದರು. ಅದೇ ಜಾಸ್ತಿ ಚುಚ್ಚಿತು.

ಬೆಳಿಗ್ಗೆ ಪಕ್ಕದ ಕ್ಯಾಂಪಿಂಗ್ ಜಾಗದಲ್ಲಿದ್ದ ಅಜ್ಜ ಪೆಟ್ರೋಲ್ ಮೀಟರ್ ನೋಡಿ ನಕ್ಕರು. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿದರೆ ಹೀಟರ್‌ನ ಪೈಪಿಗೆ ಪೆಟ್ರೋಲ್ ಎಟುಕುವುದಿಲ್ಲವಂತೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಹೀಟರ್ ಎಲ್ಲ ಕುಡಿದು ನಮ್ಮನ್ನು ಮರುಭೂಮಿಯಲ್ಲಿ ನಿಲ್ಲಿಸಬಾರದಲ್ವಾ. ಒಳ್ಳೆಯ ಬುದ್ಧಿಯೇ. ಆದರೆ ಕೀ ಕೊಡುವಾಗ ಟಾಯ್ಲೆಟ್ ತೊಳೆಯುವುದನ್ನು ಇಪ್ಪತ್ತು ನಿಮಿಷ ಹೇಳಿಕೊಟ್ಟವರಿಗೆ ಈ ಒಂದು ವಾಕ್ಯ ಹೇಳಲು ಏನಾಗಿತ್ತು?

ನಮ್ಮ ತಪ್ಪೂ ಇದೆ. ಪಾರ್ಕ್ ಒಳಗೆ ಪೆಟ್ರೋಲ್ ದುಬಾರಿ ಅಂತ ರಿಡ್ಜ್‌ಕ್ರೆಸ್ಟ್‌ನಲ್ಲಿ ತುಂಬಿಸಿದ್ದರಲ್ಲೇ ಬ್ಯಾಡ್‌ವಾಟರ್, ಡಾಂಟೆಸ್ ವ್ಯೂ, ಮರಳುದಿಬ್ಬ ಎಲ್ಲ ಸುತ್ತಿದ್ದೆವು. ಹತ್ತು ಡಾಲರ್ ಉಳಿಸೋಕೆ ಹೋಗಿ ರಾತ್ರಿಯೆಲ್ಲ ನಡುಗಿದೆವು.

ಹೋದ ವರ್ಷ ಮುಳ್ಳು ಅರ್ಧಕ್ಕೆ ಬಂದರೆ ಸಾಕು, ದರ ನೋಡದೆ ಹಾಕಿಸಿದೆವು. ಟಕ್ ಟಕ್ ಕೇಳುತ್ತಿದ್ದರೆ ಈಗ ನನಗೆ ನಿದ್ದೆ ಬರುತ್ತದೆ. ರಾತ್ರಿ ಮಲಗುವಾಗ ಫಿಲ್ಟರ್‌ಗೆ ಪುಡಿ ಒತ್ತಿ, ಬಿಸಿನೀರು ಹಾಕಿ, ಟವೆಲ್ ಸುತ್ತಿ ಹೀಟರ್ ಗಾಳಿ ಬರುವ ತೂತಿನ ಪಕ್ಕ ಇಡುತ್ತೇನೆ. ಐದೂವರೆಗೆ ಎದ್ದರೆ ಡಿಕಾಕ್ಷನ್ ಇನ್ನೂ ಉಗುರು ಬೆಚ್ಚಗಿರುತ್ತದೆ. ಬಾಗಿಲು ಸ್ವಲ್ಪ ತೆರೆದು ಹಾಲು ಕಾಯಿಸಿ, ಲೋಟ ಹಿಡಿದು ಹೊರಗೆ ಬಂದರೆ ನಕ್ಷತ್ರ ಇನ್ನೂ ಹೋಗಿರುವುದಿಲ್ಲ. ಅದಕ್ಕೇ ಸ್ಟಾರ್ ನಾಲ್ಕಕ್ಕೆ ಏರಿಸಿದ್ದೇನೆ. ಒಗ್ಗರಣೆ ಮಾತ್ರ ಹೊರಗಿನ ಮೇಜಿನ ಮೇಲೇ ಹಾಕಿ, ಇಲ್ಲದಿದ್ದರೆ ಕ್ಲೀನಿಂಗ್ ಅಂತ ದುಡ್ಡು ಹಿಡಿಯುತ್ತಾರೆ.

ಹೋಗುವವರಿಗೆ ಇನ್ನೆರಡು ಮಾತು. ಫರ್ನೇಸ್ ಕ್ರೀಕ್‌ನ ಕ್ಯಾಂಪಿಂಗ್ ಜಾಗಕ್ಕೆ ಆರು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ, ಕ್ರಿಸ್‌ಮಸ್ ವಾರ ಬೇಕಾದರೆ ಜೂನ್‌ನಲ್ಲೇ ಕಾದು ಕೂತಿರಬೇಕು. ಯೊಸೆಮಿಟಿ ಮೇಲಿನ ಟಯೋಗಾ ದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇಕರ್ಸ್‌ಫೀಲ್ಡ್ ಮೇಲೆಯೇ ಸುತ್ತಿಕೊಂಡು ಹೋಗಿ.

ಈ ಡಿಸೆಂಬರ್‌ಗೂ ಅದೇ ವ್ಯಾನ್ ಹಿಡಿದಿದ್ದೇವೆ. ಅತ್ತೆ ಮತ್ತೆ ಬರುತ್ತಿದ್ದಾರೆ. ಬರುವಾಗ ನನಗೂ ಒಂದು ಮಂಕಿ ಕ್ಯಾಪ್ ತರಲು ಹೇಳಿದ್ದೇನೆ.