ಹತ್ತು ಅಂಕಿಗೆ ಎಂಟು ಮನೆ: ಎಚ್‌ಡಿ44780 ಪರದೆಯ ದೀರ್ಘಕಾಲದ ಬಳಕೆ

ಕನ್ನಡದ ಅಂಕಿಗಳು ಹತ್ತು. ಅಕ್ಷರಗಳನ್ನು ತೋರಿಸುವ ಸಣ್ಣ ಎಲ್‌ಸಿಡಿ ಪರದೆಗಳನ್ನು ನಡೆಸುವ ಹಿಟಾಚಿಯ ಎಚ್‌ಡಿ44780 ಚಿಪ್ಪಿನಲ್ಲಿ ನಾವೇ ರೂಪಿಸಿಕೊಳ್ಳುವ ಅಕ್ಷರಗಳಿಗೆ ಇರುವ ಜಾಗ, ಅಂದರೆ ಮನೆ, ಎಂಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಹದಿನಾರು ಅಕ್ಷರಗಳ ಎರಡು ಸಾಲಿನ ಅಗ್ಗದ ಪರದೆಗಳು ಬಹುತೇಕ ಇದರ ಆಜ್ಞೆಗಳನ್ನೇ ಪಾಲಿಸುವ ತದ್ರೂಪಿ ಚಿಪ್ಪುಗಳಿಂದ ನಡೆಯುತ್ತವೆ. ಅಂಥದೊಂದನ್ನು ತಂದು, ಸಮಯವನ್ನೂ ಮಹಡಿಯ ಮೇಲಿನ ಟ್ಯಾಂಕಿನ ನೀರಿನ ಮಟ್ಟವನ್ನೂ ತೋರಿಸುವ ಗಡಿಯಾರವನ್ನು ಅಡುಗೆಮನೆಗೆ ಮಾಡಿಕೊಂಡಾಗ ನನಗೆ ಬೇಸರ ತಂದದ್ದು ಈ ಎಂಟರ ಲೆಕ್ಕವೇ. ಎ00 ಎಂಬ ಸಿದ್ಧ ಅಕ್ಷರಸಂಗ್ರಹವಿರುವ ಮಾದರಿಯ ಚಿಪ್ಪಿನೊಳಗೆ ಜಪಾನಿನ ಕಟಕಾನಾ ಲಿಪಿ ಪೂರ್ತಿಯಾಗಿ ಕುಳಿತಿದೆ, ಬ್ಯಾಕ್‌ಸ್ಲ್ಯಾಷ್ ಕಳುಹಿಸಿದರೆ ಯೆನ್ ಚಿಹ್ನೆ ಮೂಡುತ್ತದೆ, ನಮ್ಮ ಒಂಬತ್ತಕ್ಕೆ ಮಾತ್ರ ಸ್ಥಳವಿಲ್ಲ. ಸೊನ್ನೆಗೆ ಇಂಗ್ಲಿಷಿನ ಸಣ್ಣ 'ಓ' ಅಕ್ಷರವನ್ನು ಎರವಲು ಪಡೆದರೂ ಒಂದು ಅಂಕಿ ಹೊರಗೇ ಉಳಿಯುತ್ತದೆ.

ಪ್ರತಿ ಚುಕ್ಕೆಯನ್ನೂ ಬೇಕಾದಂತೆ ಮೂಡಿಸಬಲ್ಲ ಗ್ರಾಫಿಕ್ ಪರದೆಗೆ ಹೆಚ್ಚು ಹಣ ಸುರಿಯಲು ಮನಸ್ಸಿಲ್ಲದ ಕಾರಣ ಆಜ್ಞೆಗಳ ಪಟ್ಟಿಯನ್ನೇ ಮತ್ತೆ ಓದಿದೆ. ಅಲ್ಲಿಂದ ನನ್ನ ಅಭಿಪ್ರಾಯ ಬದಲಾಗುತ್ತಾ ಬಂತು. ಸ್ವಂತ ಅಕ್ಷರದ ಸ್ಮೃತಿಯ (ಮೆಮೊರಿಯ) ವಿಳಾಸವನ್ನು ಸೂಚಿಸುವ ಆಜ್ಞೆ ಹೆಕ್ಸ್ (ಹದಿನಾರರ ಆಧಾರದ ಎಣಿಕೆ) 40ರಿಂದ ಆರಂಭವಾಗುತ್ತದೆ. ಮನೆಯೊಂದಕ್ಕೆ ಎಂಟು ಬೈಟು, ಪ್ರತಿ ಬೈಟಿನ ಕೆಳಗಿನ ಐದು ಬಿಟ್ಟುಗಳೇ ಒಂದು ಸಾಲಿನ ಚುಕ್ಕೆಗಳು. ಈ ಬೈಟುಗಳನ್ನು ಬದಲಿಸಿದೊಡನೆ ಪರದೆಯ ಮೇಲೆ ಆ ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೊಸ ರೂಪ ತಾನಾಗಿಯೇ ಮೂಡುತ್ತದೆ, ಪುನಃ ಬರೆಯಬೇಕಾಗಿಲ್ಲ. ಗಂಟೆ ಮತ್ತು ನಿಮಿಷಕ್ಕೆ ಒಮ್ಮೆಗೆ ಕಾಣುವುದು ನಾಲ್ಕೇ ಅಂಕಿ. ಆದ್ದರಿಂದ ಅಂಕಿಗಳಿಗೆ ಮನೆ ಹಂಚುವುದನ್ನು ಬಿಟ್ಟು ಸ್ಥಾನಗಳಿಗೆ ಹಂಚಿದೆ: ಸ್ಥಾನಕ್ಕೊಂದರಂತೆ ನಾಲ್ಕು ಮನೆ, ನಿಮಿಷ ಕಳೆದಾಗ ಬದಲಾದ ಸ್ಥಾನಕ್ಕೆ ಮಾತ್ರ ಎಂಟು ಹೊಸ ಬೈಟು. ಉಳಿದ ನಾಲ್ಕರಲ್ಲಿ ನೀರಿನ ಮಟ್ಟದ ಪಟ್ಟಿಗಳು. ತುಂಬಿದ ಟ್ಯಾಂಕಿಗೆ ಚಿಪ್ಪಿನಲ್ಲೇ ಇರುವ ಇಡೀ ಕಪ್ಪು ಚೌಕ ಸಾಕು. ಬೆಳಗ್ಗೆ ಕಾಫಿಗೆ ನೀರಿಟ್ಟು, ಮೋಟಾರು ಹಾಕಿ, ಆ ಪಟ್ಟಿ ಮೆಲ್ಲಗೆ ಏರುವುದನ್ನು ನೋಡುತ್ತಾ ಡಿಕಾಕ್ಷನ್ ಇಳಿಯುವವರೆಗೆ ನಿಲ್ಲುವುದು ಈಗ ನನ್ನ ದಿನಚರಿ.

ಬೈಟುಗಳನ್ನು ತುಂಬಿದ ಮೇಲೆ ಪರದೆಯ ಸ್ಮೃತಿಯ ವಿಳಾಸವನ್ನು ಮತ್ತೆ ಸೂಚಿಸುವುದು ಅಗತ್ಯ, ಇಲ್ಲದಿದ್ದರೆ ಮುಂದಿನ ಪಠ್ಯವೂ ಅಕ್ಷರಗಳ ಚಿತ್ರವಾಗಿಯೇ ಸೇರಿಬಿಡುತ್ತದೆ. ಇನ್ನೊಂದು ಉಪಕಾರ ಕಡಿಮೆ ಜನರ ಗಮನಕ್ಕೆ ಬಂದಂತಿದೆ: ಸ್ವಂತ ಅಕ್ಷರಗಳ ಸಂಕೇತ 0ರಿಂದ 7 ಆದರೂ 8ರಿಂದ 15ರವರೆಗೂ ಅವೇ ಎಂಟು ಅಕ್ಷರಗಳು ಸಿಗುವುದರಿಂದ, ಸಿ ಭಾಷೆಯಲ್ಲಿ ಪಠ್ಯವನ್ನು ಅಲ್ಲಿಗೇ ಮುಗಿಸಿಬಿಡುವ ಸೊನ್ನೆಯ ಬದಲು ಎಂಟನ್ನು ಬರೆಯಬಹುದು.

ವಿದ್ಯುತ್ ಹೋಗಿ ಬಂದಾಗಲೂ ನನಗೆ ತೊಂದರೆಯಾಗಿಲ್ಲ. ವೋಲ್ಟೇಜು ನಿಧಾನವಾಗಿ ಏರಿದರೆ ಚಿಪ್ಪನ್ನು ಆರಂಭದ ಸ್ಥಿತಿಗೆ ತರುವ ಒಳಗಿನ ರೀಸೆಟ್ಟನ್ನು ನಂಬುವಂತಿಲ್ಲ. ಆದರೆ 15 ಮಿಲಿಸೆಕೆಂಡು ಕಾದು ಹೆಕ್ಸ್ 30 ಆಜ್ಞೆ, ಮತ್ತೆ 4.1 ಮಿಲಿಸೆಕೆಂಡು ಕಾದು ಅದೇ, 100 ಮೈಕ್ರೋಸೆಕೆಂಡು ಕಾದು ಮತ್ತೂ ಅದೇ ಎಂಬ ಕ್ರಮವನ್ನು ಪಾಲಿಸಿ ಉಳಿದ ಸಿದ್ಧತೆಯ ಆಜ್ಞೆಗಳನ್ನೂ ಕಳುಹಿಸಿದರೆ, ಸಿದ್ಧವಾಗದ ಪರದೆಯ ಮೇಲಿನ ಸಾಲಿನಲ್ಲಿ ಕಾಣುವ ಕಪ್ಪು ಚೌಕಗಳು ಮಾಯವಾಗಿ ಪರದೆ ಹಾದಿಗೆ ಬರುತ್ತದೆ. ಪರದೆಯನ್ನು ಅಳಿಸುವ ಹೆಕ್ಸ್ 01 ಆಜ್ಞೆಯ ಬಗ್ಗೆ ಮಾತ್ರ ನನ್ನ ಅಸಮಾಧಾನ ಹಾಗೆಯೇ ಇದೆ. ಉಳಿದ ಆಜ್ಞೆಗಳು ಬಹುತೇಕ 37 ಮೈಕ್ರೋಸೆಕೆಂಡಿನಲ್ಲಿ ಮುಗಿದರೆ ಇದಕ್ಕೆ ಮಿಲಿಸೆಕೆಂಡುಗಳೇ ಬೇಕು, ಸೆಕೆಂಡಿಗೊಮ್ಮೆ ಬಳಸಿದರೆ ಪರದೆ ಮಿಟುಕುವುದು ಕಣ್ಣಿಗೆ ಕಾಣುತ್ತದೆ. ಆರಂಭದಲ್ಲಿ ಒಮ್ಮೆ ಅಳಿಸಿ, ಆಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುವುದು ಲೇಸು.

ತಿಂಗಳ ಹೆಸರನ್ನೂ ಕನ್ನಡದಲ್ಲಿ ತೋರಿಸುವ ಆಸೆಯನ್ನು ಕೈಬಿಟ್ಟಿದ್ದೇನೆ. ಐದು ಚುಕ್ಕೆಗಳ ಅಗಲದಲ್ಲಿ 'ಜ' ಕೂಡ ಸರಿಯಾಗಿ ಕೂರುವುದಿಲ್ಲ. ಒತ್ತಕ್ಷರವನ್ನು ಕೆಳಗಿನ ಸಾಲಿಗೆ ಇಳಿಸೋಣವೆಂದರೆ ಎರಡು ಸಾಲುಗಳ ನಡುವಿನ ಖಾಲಿ ಪಟ್ಟಿ ಅದನ್ನು ಅಕ್ಷರದಿಂದ ಬೇರ್ಪಡಿಸುತ್ತದೆ. ಅಂಕಿಗಳಷ್ಟೇ ಸಾಕೆನ್ನುವವರು ಇದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು, ಪದಗಳೂ ಬೇಕೆನ್ನುವವರು ಗ್ರಾಫಿಕ್ ಪರದೆಗೇ ಹಣ ಕೂಡಿಡುವುದು ಒಳಿತು.